ಕರಿಕಲ್ಲಿನಿಂದ ರೊಟ್ಟಿಯವರೆಗೆ: ಹಿರಿಯ ಪ್ರಾಥಮಿಕ ತರಗತಿಗಳಲ್ಲಿ ಸಾಮಾನ್ಯ ವಿಜ್ಞಾನ

(ಪುಣೆಯ ಸ್ವಾರಗೇಟದಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಭೀಮಸೇನ ಜೋಶಿಯವರು ಬಾಳಿದ ಈ ಊರಿನಲ್ಲಿ ಕನ್ನಡದ ವೇದಿಕೆ ಎಂದರೆ ಹಾಡು, ನಾಟಕ, ಕಾವ್ಯ ಎಂದೇ ರೂಢಿ. ವಿಜ್ಞಾನದ ಪಾಠದ ಬಗ್ಗೆ, ಅದೂ ಆರರಿಂದ ಎಂಟನೇ ತರಗತಿಯ ಪಾಠದ ಬಗ್ಗೆ ಮಾತಾಡಲು ಅವಕಾಶ ಕೊಟ್ಟಿದ್ದೀರಿ. ಇದಕ್ಕೆ ನಾನು ಋಣಿ. ಈ ವಿಷಯಕ್ಕೂ ಪುಣೆಗೂ ಗಟ್ಟಿ ಸಂಬಂಧವಿದೆ. ಸ್ವಾರಗೇಟದಿಂದ ಐದಾರು ಕಿಲೋಮೀಟರ್ ದೂರದ ಸೇನಾಪತಿ ಬಾಪಟ್ ರಸ್ತೆಯಲ್ಲಿ ಬಾಲಭಾರತಿಯ ಕಚೇರಿ ಇದೆ. 1967ರ ಜನವರಿ 27ರಂದು ಹುಟ್ಟಿದ ಈ ಪಠ್ಯಪುಸ್ತಕ ಮಂಡಳವು ಮರಾಠಿ, ಉರ್ದು, ಗುಜರಾತಿ, ಸಿಂಧಿ, ತೆಲುಗು ಭಾಷೆಗಳ ಜತೆಗೆ ಕನ್ನಡದಲ್ಲೂ ಶಾಲಾಪುಸ್ತಕ ಹೊರತರುತ್ತದೆ. ಅಕ್ಕಲಕೋಟ, ದಕ್ಷಿಣ ಸೋಲಾಪುರ, ಜತ್ತ ತಾಲೂಕುಗಳ ಕನ್ನಡ ಶಾಲೆಯ ಮಕ್ಕಳು ಓದುವ 'ಸಾಮಾನ್ಯ ವಿಜ್ಞಾನ' ಸಿದ್ಧವಾಗುವುದು ಇದೇ ಊರಿನಲ್ಲಿ. ಆ ಗಡಿ ತಾಲೂಕುಗಳ ಒಂದು ಶಾಲೆಯಲ್ಲಿ ಆ ಪುಸ್ತಕ ಕಲಿಸಿದವನು ನಾನು. ಇಂದಿನ ಮಾತೆಲ್ಲ ಅಲ್ಲಿಂದ ಬಂದದ್ದು.

ಮೂರರಿಂದ ಐದನೇ ತರಗತಿವರೆಗೆ ಮಹಾರಾಷ್ಟ್ರದ ಮಗು 'ಪರಿಸರ ಅಭ್ಯಾಸ' ಓದುತ್ತದೆ. ಒಂಬತ್ತಕ್ಕೆ ಬಂದಾಗ ಪುಸ್ತಕದ ಹೆಸರು 'ವಿಜ್ಞಾನ ಮತ್ತು ತಂತ್ರಜ್ಞಾನ' ಎಂದಾಗುತ್ತದೆ, ಹತ್ತರಲ್ಲಿ ಅದೇ ಎರಡು ಭಾಗವಾಗುತ್ತದೆ. ನಡುವಿನ ಮೂರು ವರ್ಷ ಸಾಮಾನ್ಯ ವಿಜ್ಞಾನ. ಭೌತ, ರಸಾಯನ, ಜೀವ ಎಂದು ಬೇರೆ ಬೇರೆ ಪುಸ್ತಕವಿಲ್ಲ, ಬೇರೆ ಶಿಕ್ಷಕರೂ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಈ ಹಂತದಲ್ಲಿ ಗಣಿತ ಮತ್ತು ವಿಜ್ಞಾನಕ್ಕೆ ಸೇರಿ ಕನಿಷ್ಠ ಒಬ್ಬ ಶಿಕ್ಷಕ ಇರಬೇಕು; ಸಣ್ಣ ಶಾಲೆಗಳಲ್ಲಿ ಒಬ್ಬರೇ ಇರುತ್ತಾರೆ. ಏರ್ಪಾಡು ಒಳ್ಳೆಯದು. ಹನ್ನೆರಡು ವರ್ಷದ ಮಗುವಿಗೆ ಲೋಕ ಮೂರು ತುಂಡಾಗಿ ಕಾಣುವುದಿಲ್ಲ. ಹಾಗಿದ್ದರೂ ಕಲಿಕೆ ಒಗ್ಗೂಡುವುದಿಲ್ಲ ಏಕೆ ಎಂಬುದು ನನ್ನ ಪ್ರಶ್ನೆ.

2016ರಲ್ಲಿ ಬಂದ ಆರನೇ ತರಗತಿಯ ಪುಸ್ತಕದ ಪರಿವಿಡಿ ನೋಡಿ. ಗಾಳಿ, ನೀರು, ಭೂಮಿಯಿಂದ ಶುರುವಾಗಿ ಹದಿನಾರನೇ ಪಾಠದಲ್ಲಿ ವಿಶ್ವಕ್ಕೆ ಮುಗಿಯುತ್ತದೆ. ನಡುವೆ ಸಜೀವಿಗಳು, ವಿಪತ್ತು ನಿರ್ವಹಣೆ, ಪದಾರ್ಥಗಳು, ಆಹಾರ, ಎಲುಬಿನ ಹಂದರ, ಚಲನೆ, ಬಲ, ಸರಳ ಯಂತ್ರ, ಧ್ವನಿ, ಬೆಳಕು, ಕಾಂತ. ಒಂದೊಂದು ಪಾಠವೂ ತನ್ನಷ್ಟಕ್ಕೆ ಚೊಕ್ಕವಾಗಿದೆ. ಆದರೆ ಆಹಾರದ ಪಾಠಕ್ಕೆ ಪದಾರ್ಥದ ಪಾಠ ಗೊತ್ತಿಲ್ಲ, ಬಲದ ಪಾಠಕ್ಕೆ ಎಲುಬಿನ ಪಾಠ ಗೊತ್ತಿಲ್ಲ. ಒಂದೇ ರಟ್ಟಿನೊಳಗೆ ಇವೆ ಅಷ್ಟೇ. ಇವನ್ನು ಕೂಡಿಸುವ ಕೆಲಸವನ್ನು ಪುಸ್ತಕ ಶಿಕ್ಷಕನಿಗೆ ಬಿಟ್ಟಿದೆ. ಆ ಶಿಕ್ಷಕ ಓದಿದ್ದು ಭೌತ-ರಸಾಯನ-ಗಣಿತ, ಇಲ್ಲವೇ ರಸಾಯನ-ಸಸ್ಯ-ಪ್ರಾಣಿ. ಗಡಿಯಾಚೆ ಕರ್ನಾಟಕದ ಹೈಸ್ಕೂಲುಗಳಲ್ಲಂತೂ ಹುದ್ದೆಗಳನ್ನೇ ಪಿಸಿಎಂ, ಸಿಬಿಝೆಡ್ ಎಂದು ಕರೆಯುತ್ತಾರೆ, ಒಂದೇ ವಿಜ್ಞಾನ ಪುಸ್ತಕವನ್ನು ಇಬ್ಬರು ಹಂಚಿಕೊಂಡು ಕಲಿಸುತ್ತಾರೆ. ತಾನು ಒಗ್ಗೂಡಿಸಿ ಕಲಿಯದ್ದನ್ನು ಶಿಕ್ಷಕ ಒಗ್ಗೂಡಿಸಿ ಕಲಿಸಲಿ ಎಂದು ನಾವು ಬಯಸುತ್ತಿದ್ದೇವೆ.

ಈ ವಾದ ಹಳೆಯದು. 1964-66ರ ಕೊಠಾರಿ ಆಯೋಗಕ್ಕೆ ಸಾಮಾನ್ಯ ವಿಜ್ಞಾನದ ಪದ್ಧತಿ ತೃಪ್ತಿ ಕೊಟ್ಟಿರಲಿಲ್ಲ. ಹಿರಿಯ ಪ್ರಾಥಮಿಕ ಹಂತದಲ್ಲೇ ವಿಷಯಗಳನ್ನು ಬೇರೆಯಾಗಿ ಕಲಿಸುವುದು ಮೇಲು ಎಂಬುದು ಅದರ ನಿಲುವು. ಹತ್ತು ವರ್ಷ ಕಳೆಯುವುದರೊಳಗೆ, 1975ರ ಪಠ್ಯಕ್ರಮ ಚೌಕಟ್ಟಿನಲ್ಲಿ ಎನ್‌ಸಿಇಆರ್‌ಟಿ ಮತ್ತೆ ಕೂಡುವಿಜ್ಞಾನದ ಕಡೆಗೆ ತಿರುಗಿತು. ಇಂಗ್ಲೆಂಡಿನಲ್ಲಿ ನಫೀಲ್ಡ್ ಪ್ರತಿಷ್ಠಾನದ ಸಂಯುಕ್ತ ವಿಜ್ಞಾನ ಪುಸ್ತಕಗಳು 1970ರಲ್ಲಿ ಬಂದಿದ್ದವು, ಯುನೆಸ್ಕೊ ಕೂಡ ಅದೇ ಕಾಲದಲ್ಲಿ ಇದರ ಪರವಾಗಿ ದುಡಿಯಿತು. ಕೊಠಾರಿ ಆಯೋಗದ ಅಸಮಾಧಾನ ಸುಳ್ಳಲ್ಲ. ಎಲ್ಲದರ ಚೂರುಪಾರು ಕೊಟ್ಟು ಯಾವುದನ್ನೂ ಆಳಕ್ಕೆ ಇಳಿಸದ ಪಾಠ ಮಗುವಿಗೆ ಮೋಸ. ಆದರೆ ಅದಕ್ಕೆ ಮದ್ದು ಒಡೆದು ಹಂಚುವುದರಲ್ಲಿಲ್ಲ. ಒಂದು ವಸ್ತುವನ್ನು ಹಿಡಿದು ಅದರ ತಳ ಮುಟ್ಟುವವರೆಗೆ ಬಿಡದಿರುವುದರಲ್ಲಿದೆ. ಈ ಸಂಜೆ ನಾನು ಹೇಳಬೇಕೆಂದಿರುವುದು ಇದೊಂದನ್ನೇ.

ನಮ್ಮ ಭಾಷೆಗೆ ಕೂಡುವಿಜ್ಞಾನ ಹೊಸದೂ ಅಲ್ಲ. ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳ 'ಬಾಲ ಪ್ರಪಂಚ' ತಂದಾಗ ಕನ್ನಡದ ಮಕ್ಕಳಿಗೆ ನಕ್ಷತ್ರ, ಪ್ರಾಣಿ, ಯಂತ್ರ ಎಲ್ಲವೂ ಒಂದೇ ಕೈಯಿಂದ, ಒಂದೇ ಕುತೂಹಲದಿಂದ ಬಂದವು. ಅದಕ್ಕೂ ಮೊದಲು, 1918ರಲ್ಲಿ, ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 'ವಿಜ್ಞಾನ' ಎಂಬ ಮಾಸಪತ್ರಿಕೆ ನಡೆಸಿದ್ದರು.

ಈಗ ಒಂದು ವಸ್ತುವನ್ನು ಹಿಡಿಯೋಣ. ಸೋಲಾಪುರ ಸೀಮೆಯ ಮಗುವಿಗೆ ಜೋಳದ ರೊಟ್ಟಿಗಿಂತ ಹತ್ತಿರದ ವಸ್ತು ಇಲ್ಲ. ಏಳನೇ ತರಗತಿಯಲ್ಲಿ ನಾನು ಮಾಡಿಸುತ್ತಿದ್ದ ಪಾಠ ಹೀಗಿತ್ತು. ಶಾಲೆಯ ಅಡಿಗೆಕೋಣೆಯಲ್ಲಿ ಒಂದು ಒಲೆ, ಒಂದು ಹಂಚು, ಥರ್ಮಾಮೀಟರು, ತಕ್ಕಡಿ, ಔಷಧದ ಅಂಗಡಿಯಿಂದ ತಂದ ಅಯೋಡಿನ್. ನಾಲ್ಕು ನಾಲ್ಕು ಮಕ್ಕಳ ಗುಂಪು. ಮೊದಲು ಒಂದು ಹಿಡಿ ಹಿಟ್ಟನ್ನು ತಣ್ಣೀರಿನಲ್ಲಿ ನಾದಿ ಬಡಿಯಲು ಹೇಳುತ್ತಿದ್ದೆ. ಹಿಟ್ಟು ಒಡೆಯುತ್ತಿತ್ತು, ಅಂಚು ಹರಿಯುತ್ತಿತ್ತು. ಇನ್ನೊಂದು ಹಿಡಿಗೆ ಕುದಿಯುವ ಎಸರು ಹಾಕಿ ನಾದಿದರೆ ಅದೇ ಹಿಟ್ಟು ಕೈಗೆ ಬಗ್ಗುತ್ತಿತ್ತು. ಹುಡುಗಿಯರಿಗೆ ಇದು ಮನೆಯಲ್ಲಿ ಗೊತ್ತು. ಏಕೆ ಎಂದು ಅವರನ್ನು ಯಾರೂ ಕೇಳಿರಲಿಲ್ಲ. ಗೋಧಿಯಲ್ಲಿ ಅಂಟು ಕಟ್ಟುವ ಗ್ಲುಟೆನ್ ಇದೆ, ಜೋಳದಲ್ಲಿಲ್ಲ. ಜೋಳದ ಪಿಷ್ಟದ ಕಣಗಳು ಸುಮಾರು 70 ಡಿಗ್ರಿ ದಾಟಿದ ಮೇಲೆ ನೀರು ಕುಡಿದು ಉಬ್ಬಿ ಗಂಜಿಯಾಗುತ್ತವೆ, ಆ ಗಂಜಿಯೇ ಹಿಟ್ಟನ್ನು ಹಿಡಿದಿಡುತ್ತದೆ. ಎಸರು ಹಾಕುವುದು ಅದಕ್ಕಾಗಿ. ಹೀಗೆ ರಸಾಯನ ಮುಗಿಯುವ ಮೊದಲೇ ಉಷ್ಣತೆಯ ಪಾಠ ಬಂದಿರುತ್ತದೆ.

ಎಸರಿಗೆ ಥರ್ಮಾಮೀಟರು ಇಟ್ಟಾಗ ಒಂದು ಸಂಗತಿ ಎದ್ದು ನಿಲ್ಲುತ್ತದೆ. ನೀರು ತಳಮಳ ಕುದಿಯುತ್ತಿದೆ, ಪಾದರಸ 98ರ ಆಸುಪಾಸಿನಲ್ಲೇ ನಿಂತಿದೆ. ಪುಸ್ತಕದಲ್ಲಿ 100 ಎಂದಿದೆ. ಸೋಲಾಪುರ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಮೇಲಿದೆ, ಪುಣೆ ಇನ್ನೂ ನೂರು ಮೀಟರ್ ಮೇಲೆ. ಎತ್ತರ ಏರಿದಂತೆ ಗಾಳಿಯ ಒತ್ತಡ ಇಳಿಯುತ್ತದೆ, ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ಕುದಿಯುವ ಬಿಂದುವೂ ಇಳಿಯುತ್ತದೆ. ನಮ್ಮ ಎಷ್ಟೋ ಶಾಲೆಗಳಲ್ಲಿ ಈ ಗಳಿಗೆಯಲ್ಲಿ ಮಗುವಿಗೆ ಸಿಗುವ ಆಜ್ಞೆ ಒಂದೇ: 'ನೂರು ಅಂತ ಬರಿ.' ಕಣ್ಣಾರೆ ಕಂಡದ್ದನ್ನು ಬಿಟ್ಟು ಪುಸ್ತಕದ ಅಂಕಿ ಬರೆಯಲು ಕಲಿತ ಮಗು ಮುಂದೆ ಎಷ್ಟು ವಿಜ್ಞಾನ ಓದಿದರೂ ವಿಜ್ಞಾನಿಯ ಮನಸ್ಸು ಪಡೆಯುವುದು ಕಷ್ಟ. ಈ ಒಂದು ಆಜ್ಞೆಯನ್ನು ಶಾಲೆಗಳಿಂದ ತೆಗೆದುಹಾಕಿದರೆ ನಮ್ಮ ಅರ್ಧ ಕೆಲಸ ಆದಂತೆ.

ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿ, ತಿರುವಿ, ಕೊನೆಗೆ ಕೆಂಡಕ್ಕೆ ಹಿಡಿದಾಗ ಅದು ಉಬ್ಬುತ್ತದೆ. ಒಂದು ಗ್ರಾಂ ನೀರು ಆವಿಯಾದರೆ ಸುಮಾರು 1.7 ಲೀಟರ್ ಜಾಗ ಬೇಡುತ್ತದೆ. ಎರಡೂ ಪದರ ಬಿಗಿಯಾಗಿದ್ದರೆ ಆವಿ ಒಳಗೆ ಸಿಕ್ಕಿ ರೊಟ್ಟಿಯನ್ನು ಎತ್ತುತ್ತದೆ, ಎಲ್ಲಾದರೂ ಬಿರುಕಿದ್ದರೆ ಅಲ್ಲಿಂದ ಜಾರುತ್ತದೆ. ಮಕ್ಕಳು ಉಬ್ಬದ ರೊಟ್ಟಿಯನ್ನು ಬೆಳಕಿಗೆ ಹಿಡಿದು ಬಿರುಕು ಹುಡುಕುತ್ತಿದ್ದರು. ಸುಡುವ ಮೊದಲು ಮತ್ತು ಸುಟ್ಟ ಮೇಲೆ ತೂಗಿ, ಎಷ್ಟು ನೀರು ಹೋಯಿತು ಎಂದು ಲೆಕ್ಕ ಹಾಕುತ್ತಿದ್ದರು. ಆಮೇಲೆ ಎರಡು ಚೂರು: ಒಂದರ ಮೇಲೆ ಅಯೋಡಿನ್ ಹನಿಸಿದರೆ ಕಡುನೀಲಿ. ಇನ್ನೊಂದನ್ನು ಬಾಯಲ್ಲಿಟ್ಟು ನುಂಗದೆ ಬಹಳ ಹೊತ್ತು ಅಗಿದರೆ ನಿಧಾನಕ್ಕೆ ಸಿಹಿ. ಜೊಲ್ಲಿನ ಕಿಣ್ವ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವುದನ್ನು ನಾಲಿಗೆಯೇ ಹೇಳುತ್ತದೆ. ಜೀವಶಾಸ್ತ್ರಕ್ಕೆ ಯಾರೂ ಬೇರೆ ತಾಸು ಕೇಳಲಿಲ್ಲ.

'ಹಿಟ್ಟು ಹಳೇದಾದ್ರ ಜಿಗಿ ಹೋಗ್ತದ್ರಿ ಸರ್, ಅದ್ಯಾಕ?' ಎಂದು ಒಬ್ಬ ಹುಡುಗಿ ಕೇಳಿದಳು. ಪ್ರಶ್ನೆಯನ್ನು ಗೋಡೆಯ ಮೇಲೆ ಬರೆದಿಟ್ಟೆವು. ಅವಳ ತಾಯಿ ಶಾಲೆಗೆ ಬಂದು ಹೊಸ ಹಿಟ್ಟು, ಹಳೆ ಹಿಟ್ಟು ಎರಡರಲ್ಲೂ ಬಡಿದು ತೋರಿಸಿದರು. ಅಕ್ಷರ ಕಲಿಯದ ಆ ತಾಯಿಯ ಕೈ ಹಿಟ್ಟನ್ನು ಮುಟ್ಟಿಯೇ ಎಷ್ಟು ದಿನದ್ದು ಎಂದು ಹೇಳಬಲ್ಲದು. ವರ್ಷವಿಡೀ ತಮ್ಮ ಮನೆಗೂ ವಿಜ್ಞಾನಕ್ಕೂ ಸಂಬಂಧವಿಲ್ಲ ಎಂದು ನಂಬಿದ್ದ ಮಕ್ಕಳು ಆ ದಿನ ಆಕೆಯನ್ನು ಸುತ್ತುಗಟ್ಟಿ ಪ್ರಶ್ನೆ ಕೇಳಿದರು.

ರೊಟ್ಟಿಯಿಂದ ಹಿಂದಕ್ಕೆ ಹೋದರೆ ಜೋಳ. ಸೋಲಾಪುರದ ಮಾಲದಂಡಿ ಹಿಂಗಾರಿನ ಬೆಳೆ. ಮಳೆ ನಿಂತ ಮೇಲೆ ಬಿತ್ತಿ, ಚಳಿಗಾಲದಲ್ಲಿ ಹೆಚ್ಚುಕಡಿಮೆ ಮಳೆಯಿಲ್ಲದೆ ಬೆಳೆಯುವ ಪೈರು. ನೀರು ಎಲ್ಲಿಂದ? ಎರಿಮಣ್ಣಿನಿಂದ. ತಳಕ್ಕೆ ತೂತು ಮಾಡಿದ ಎರಡು ಡಬ್ಬಿಗಳಲ್ಲಿ ಒಂದರಲ್ಲಿ ಎರಿ, ಇನ್ನೊಂದರಲ್ಲಿ ಮರಳು ಮಸಾರಿ ತುಂಬಿ ಒಂದೇ ಅಳತೆಯ ನೀರು ಹಾಕಿ, ಕೆಳಗೆ ಎಷ್ಟು ಇಳಿಯಿತು, ಒಳಗೆ ಎಷ್ಟು ಉಳಿಯಿತು ಎಂದು ಅಳೆಯಬಹುದು. ಎರಿ ನೀರು ಕುಡಿದು ಉಬ್ಬುವುದೂ, ಒಣಗಿದಾಗ ಬಿರಿಯುವುದೂ ಡಬ್ಬಿಯಲ್ಲೇ ಕಾಣುತ್ತದೆ. ಬೇಸಿಗೆಯಲ್ಲಿ ಹೊಲದ ಬಿರುಕಿನಲ್ಲಿ ಕೋಲು ಇಳಿಸಿ ಆಳ ನೋಡಿದ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ.

ಎರಿಯಿಂದ ಇನ್ನೂ ಹಿಂದಕ್ಕೆ ಹೋದರೆ ಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಪದರ ಪದರವಾಗಿ ಹರಿದು ಹೆಪ್ಪುಗಟ್ಟಿದ ಬಸಾಲ್ಟ್, ನಮ್ಮ ಮಾತಿನಲ್ಲಿ ಕರಿಕಲ್ಲು. ಅದು ಸವೆದು ಎರಿಭೂಮಿಯಾಯಿತು. ನಾವು ಕುಳಿತ ನೆಲದಡಿಯಲ್ಲೂ ಅದೇ ಕಲ್ಲು. ಇಲ್ಲಿಂದ ಕಾಣುವ ಪರ್ವತಿ ಗುಡ್ಡ ಅದರದೇ, 2024ರ ಸೆಪ್ಟೆಂಬರಿನಲ್ಲಿ ಸ್ವಾರಗೇಟದವರೆಗೆ ಬಂದ ಮೆಟ್ರೋದ ಸುರಂಗ ಕೊರೆದದ್ದೂ ಅದನ್ನೇ. ಕಲ್ಲು, ಮಣ್ಣು, ಬೆಳೆ, ಹಿಟ್ಟು, ರೊಟ್ಟಿ, ಜಠರ: ಇದು ಒಂದು ಅವಧಿಯ ಪಠ್ಯಕ್ರಮ. ಭೂವಿಜ್ಞಾನದಿಂದ ಜೀರ್ಣಕ್ರಿಯೆಯವರೆಗೆ ಯಾವ ಪಾಠವನ್ನೂ ಬಲವಂತವಾಗಿ ಹೊಲಿಯಬೇಕಾಗಿಲ್ಲ.

ಪುಣೆಯ ಶಾಲೆಗಳಲ್ಲಿ ಕಲಿಸುವ ಗೆಳೆಯರು ತಮ್ಮಲ್ಲಿ ಹೊಲವಿಲ್ಲ ಎನ್ನುತ್ತಾರೆ. ನಿಮಗೆ ಕಾಲುವೆ ಇದೆ. ಖಡಕವಾಸಲಾದಿಂದ ಹೊರಟ ಮುಠಾ ಬಲದಂಡೆ ಕಾಲುವೆ ಪರ್ವತಿಯ ಬುಡದಿಂದ ಸ್ವಾರಗೇಟದ ಕಡೆಗೆ ಹರಿಯುತ್ತದೆ. 2018ರ ಸೆಪ್ಟೆಂಬರ್ 27ರಂದು ದಾಂಡೇಕರ ಸೇತುವೆಯ ಬಳಿ ಅದರ ದಂಡೆ ಒಡೆದು ಬಡವರ ಮನೆಗಳಿಗೆ ನೀರು ನುಗ್ಗಿತು. ಇಲಿ, ಏಡಿಗಳು ಕೊರೆದ ಬಿಲಗಳು ಕಾರಣ ಎಂದು ಆಗಿನ ಜಲಸಂಪನ್ಮೂಲ ಸಚಿವರು ಹೇಳಿದರು, ಅದರ ಮೇಲೆ ಚರ್ಚೆಯೂ ನಡೆಯಿತು. ಎಂಟನೇ ತರಗತಿಯ ಮಕ್ಕಳ ಮುಂದೆ ಇಡಬೇಕಾದ ಪ್ರಶ್ನೆ ಇದು. ಏಡಿ ಎಷ್ಟು ಆಳ ಕೊರೆಯುತ್ತದೆ? ಮಣ್ಣಿನ ದಂಡೆಯೊಳಗೆ ಸಣ್ಣ ತೂತು ದೊಡ್ಡದಾಗುವುದು ಹೇಗೆ? ನೀರಿನ ಮಟ್ಟ ಏರಿದರೆ ತಳದ ಒತ್ತಡ ಎಷ್ಟು ಏರುತ್ತದೆ? ಒಂದು ಅಗಲ ತಟ್ಟೆಯಲ್ಲಿ ಮಣ್ಣಿನ ದಂಡೆ ಕಟ್ಟಿ, ಊದುಬತ್ತಿಯ ಕಡ್ಡಿಯಿಂದ ತೂತು ಮಾಡಿ, ನೀರು ತುಂಬಿ ನೋಡಿದರೆ ಮಕ್ಕಳು ತಾವೇ ವಾದಕ್ಕಿಳಿಯುತ್ತಾರೆ. 2019ರಲ್ಲಿ ಮೆಟ್ರೋ ಅಗೆತದ ವೇಳೆ ಸ್ವಾರಗೇಟದಲ್ಲೇ ನೀರಿನ ಹಳೆಯ ಸುರಂಗವೊಂದು ಬಯಲಾಯಿತು. ಅದಕ್ಕೂ ಬಹಳ ಹಿಂದೆ, ನಾನಾಸಾಹೇಬ ಪೇಶ್ವೆಯ ಕಾಲದಲ್ಲಿ, ಕಾತ್ರಜದ ಕೆರೆಯಿಂದ ಶನಿವಾರವಾಡೆಯವರೆಗೆ ನೆಲದಡಿಯ ನಾಲೆಯಲ್ಲಿ ನೀರು ಬರುತ್ತಿತ್ತು. ಪಂಪಿಲ್ಲ, ಇಳಿಜಾರೊಂದೇ ಶಕ್ತಿ.

ಈ ನೀರಿನ ಕಥೆ ಗಡಿಯ ಮಕ್ಕಳ ಕಥೆಯೂ ಹೌದು. ಪುಣೆ ಬಳಸಿ ಬಿಟ್ಟದ್ದು ಮುಳಾ-ಮುಠೆಯ ಮೂಲಕ ಭೀಮೆಗೆ ಸೇರಿ ಉಜನಿಯಲ್ಲಿ ನಿಲ್ಲುತ್ತದೆ. ಬೇಸಿಗೆಯಲ್ಲಿ ಅಲ್ಲಿನ ಹಿನ್ನೀರು ಹಸಿರಾಗುತ್ತದೆ, ಅಂತರಗಂಗೆ ಹಬ್ಬುತ್ತದೆ. ಚಳಿಗಾಲದಲ್ಲಿ ಭಿಗವಣದ ಬಳಿ ರಾಜಹಂಸಗಳನ್ನು ನೋಡಲು ಪುಣೆಯವರು ಹೋಗುವುದು ಅದೇ ನೀರಿಗೆ. ಸೋಲಾಪುರ ಅದನ್ನು ಕುಡಿಯುತ್ತದೆ, ಆಮೇಲೆ ಅದು ಕರ್ನಾಟಕಕ್ಕೆ ಇಳಿದು ಅಫಜಲಪುರದ ಕಡೆ ಹರಿಯುತ್ತದೆ. ಮೂರು ಬಾಟಲಿಗಳಲ್ಲಿ ಕೆರೆಯ ನೀರು ತುಂಬಿ, ಎರಡಕ್ಕೆ ಚಿಟಿಕೆ ರಸಗೊಬ್ಬರ ಹಾಕಿ, ಆ ಎರಡರಲ್ಲಿ ಒಂದಕ್ಕೆ ಕರಿಬಟ್ಟೆ ಸುತ್ತಿ, ಎಲ್ಲವನ್ನೂ ಎರಡು ವಾರ ಬಿಸಿಲಿಗಿಡಿ. ಬಿಸಿಲು ಕಂಡ ಗೊಬ್ಬರದ ಬಾಟಲಿ ಎಲ್ಲಕ್ಕಿಂತ ಮೊದಲು ಹಸಿರಾಗುತ್ತದೆ. ಸಾರಜನಕ, ರಂಜಕ, ಬೆಳಕು, ಪಾಚಿ, ನೀರಿನಲ್ಲಿ ಕರಗಿದ ಆಮ್ಲಜನಕ ಎಲ್ಲವೂ ಆ ಬಾಟಲಿಯ ಸುತ್ತ ಬಂದು ಕೂಡುತ್ತವೆ. ಪುಣೆಯ ಒಂದು ಶಾಲೆ ಮತ್ತು ಅಕ್ಕಲಕೋಟದ ಒಂದು ಶಾಲೆ ಒಂದೇ ವಾರದಲ್ಲಿ ತಮ್ಮ ತಮ್ಮ ನೀರು ಪರೀಕ್ಷಿಸಿ ಪತ್ರ ಬರೆದುಕೊಂಡರೆ ಎಂಥ ಪಾಠವಾಗುತ್ತದೆ!

ಎಲ್ಲವನ್ನೂ ಹೀಗೆ ಹೆಣೆಯಬೇಕು ಎಂದು ನಾನು ಹೇಳುವುದಿಲ್ಲ. ವಿದ್ಯುತ್ ಮಂಡಲ, ಸಾಂದ್ರತೆ, ಪದಾರ್ಥವೆಲ್ಲ ಕಣಗಳಿಂದ ಆದದ್ದು ಎಂಬ ಕಲ್ಪನೆ, ಇವುಗಳಿಗೆ ತಮ್ಮದೇ ದಿನಗಳು ಬೇಕು, ಮೆಟ್ಟಿಲು ತಪ್ಪದ ಕ್ರಮ ಬೇಕು. ಸೆಲ್ಲು, ಬಲ್ಬು, ತಂತಿಯನ್ನು ರೊಟ್ಟಿಗೆ ಕಟ್ಟುವ ಹಟ ಬೇಡ.

ಇದೆಲ್ಲ ಒಬ್ಬ ಉತ್ಸಾಹಿ ಶಿಕ್ಷಕನ ಶಾಲೆಗಷ್ಟೇ ಸಾಧ್ಯ ಎನ್ನುವವರಿಗೆ ಹೋಶಂಗಾಬಾದಿನ ಉದಾಹರಣೆ ಇದೆ. ಮಧ್ಯಪ್ರದೇಶದ ಆ ಜಿಲ್ಲೆಯಲ್ಲಿ 1972ರಲ್ಲಿ ಕಿಶೋರ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಸೇರಿ 16 ಹಳ್ಳಿಶಾಲೆಗಳಲ್ಲಿ ಆರರಿಂದ ಎಂಟನೇ ತರಗತಿಗೆ ಪ್ರಯೋಗದ ಮೂಲಕ ವಿಜ್ಞಾನ ಕಲಿಸಲು ತೊಡಗಿದವು. 1978ರಲ್ಲಿ ಜಿಲ್ಲೆಯ ಎಲ್ಲ ಮಾಧ್ಯಮಿಕ ಶಾಲೆಗಳಿಗೆ ಅದು ಹಬ್ಬಿತು, 1982ರಿಂದ ಏಕಲವ್ಯ ಸಂಸ್ಥೆ ಅದನ್ನು ಮುನ್ನಡೆಸಿತು. 'ಬಾಲ ವೈಜ್ಞಾನಿಕ' ಎಂಬ ಪುಸ್ತಕ ಉತ್ತರಗಳನ್ನು ಕೊಡುತ್ತಿರಲಿಲ್ಲ, ಮಾಡಿ ನೋಡಲು ಹೇಳುತ್ತಿತ್ತು. ಸವಾಲಿರಾಮ ಎಂಬ ಕಲ್ಪಿತ ವ್ಯಕ್ತಿಗೆ ಮಕ್ಕಳು ಪ್ರಶ್ನೆಗಳ ಪತ್ರ ಬರೆಯುತ್ತಿದ್ದರು. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡ ಹೆಜ್ಜೆ ಪರೀಕ್ಷೆಯದು: ಪುಸ್ತಕ ತೆರೆದಿಟ್ಟುಕೊಂಡು ಬರೆಯುವ ಪರೀಕ್ಷೆ, ಜತೆಗೆ ಕೈಯಿಂದ ಮಾಡುವ ಪ್ರಯೋಗ ಪರೀಕ್ಷೆ. ಸರ್ಕಾರಿ ಶಾಲೆಗಳಲ್ಲಿ, ಸಾಮಾನ್ಯ ಶಿಕ್ಷಕರಿಂದಲೇ ಮೂವತ್ತು ವರ್ಷ ಇದು ನಡೆಯಿತು. 2002ರಲ್ಲಿ ರಾಜ್ಯ ಸರ್ಕಾರ ನಿಲ್ಲಿಸಿತು. ಆ ನಿರ್ಧಾರದಿಂದ ಈ ದೇಶದ ಮಕ್ಕಳಿಗೆ ಆದ ನಷ್ಟ ಇನ್ನೂ ತುಂಬಿಲ್ಲ ಎಂದೇ ನಾನು ನಂಬಿದ್ದೇನೆ.

ಆ ಕೆಲಸಕ್ಕೂ ಪುಣೆಗೂ ಒಂದು ಕೊಂಡಿ ಇದೆ. ಟೆಲ್ಕೊ ಕಾರ್ಖಾನೆಯಲ್ಲಿ ಎಂಜಿನಿಯರರಾಗಿದ್ದ ಅರವಿಂದ ಗುಪ್ತಾ 1978ರಲ್ಲಿ ರಜೆ ಹಾಕಿ ಹೋಶಂಗಾಬಾದಿಗೆ ಹೋದರು. ಸೈಕಲ್ ವಾಲ್ವಿನ ರಬ್ಬರ್ ನಳಿಕೆ ಮತ್ತು ಬೆಂಕಿಕಡ್ಡಿಗಳಿಂದ ಆಕೃತಿ ಕಟ್ಟುವ ಅವರ ವಿದ್ಯೆ ಅಲ್ಲಿ ಬೆಳೆಯಿತು. ಮುಂದೆ ಜಯಂತ ನಾರಳೀಕರರು ಪುಣೆಯಲ್ಲಿ ಕಟ್ಟಿದ ಖಗೋಳವಿಜ್ಞಾನ ಸಂಸ್ಥೆ ಆಯುಕಾದ ಮಕ್ಕಳ ವಿಜ್ಞಾನ ಕೇಂದ್ರದಲ್ಲಿ ಅವರು ಕಸದಿಂದ ಆಟಿಕೆ ಮಾಡಿ ವಿಜ್ಞಾನ ಕಲಿಸಿದರು. 2018ರಲ್ಲಿ ಪದ್ಮಶ್ರೀ ಬಂತು.

ಪರೀಕ್ಷೆಯ ಮಾತು ಮತ್ತೆ ಎತ್ತುತ್ತೇನೆ, ಏಕೆಂದರೆ ಬಾಗಿಲ ಕೀಲಿ ಅಲ್ಲೇ ಇದೆ. 'ನೀರಿನ ಕುದಿಬಿಂದು ______' ಎಂಬ ಬಿಟ್ಟಸ್ಥಳದ ಪ್ರಶ್ನೆ ಇರುವವರೆಗೆ ಎಸರಿಗೆ ಥರ್ಮಾಮೀಟರು ಇಡುವ ಶಿಕ್ಷಕ ಒಂಟಿ. 'ನಿಮ್ಮ ಶಾಲೆಯಲ್ಲಿ ನೀರು ಎಷ್ಟು ಡಿಗ್ರಿಗೆ ಕುದಿಯಿತು? ಪುಸ್ತಕದ ಅಂಕಿಗೂ ಅದಕ್ಕೂ ವ್ಯತ್ಯಾಸವಿದ್ದರೆ ಕಾರಣ ಬರೆಯಿರಿ' ಎಂದು ಕೇಳಿದರೆ ಪ್ರಯೋಗ ತಾನಾಗಿ ಶಾಲೆಗೆ ಬರುತ್ತದೆ. ಘಟಕ ಪರೀಕ್ಷೆಯ ಪ್ರಶ್ನೆಪತ್ರಿಕೆ ತೆಗೆಯುವುದು ಶಿಕ್ಷಕರೇ. ಇದಕ್ಕೆ ಮುಂಬಯಿಯ ಆದೇಶ ಬೇಕಿಲ್ಲ.

ಪುಣೆಯ ಕನ್ನಡಿಗರಲ್ಲಿ ಪ್ರಯೋಗಾಲಯಗಳಲ್ಲಿ, ಕಾರ್ಖಾನೆಗಳಲ್ಲಿ, ಕಾಲೇಜುಗಳಲ್ಲಿ ಬದುಕು ಸವೆಸಿ ನಿವೃತ್ತರಾದವರು ಈ ಸಭೆಯಲ್ಲೇ ಇದ್ದೀರಿ. ನಿಮ್ಮಲ್ಲಿ ನನ್ನದು ಮೂರು ಬೇಡಿಕೆ. ಸಾಮಾನ್ಯ ವಿಜ್ಞಾನ ಕಲಿಸುವ ಗಡಿಭಾಗದ ಶಿಕ್ಷಕರಿಗೆ, ಅವರ ಮಣ್ಣು, ಬೆಳೆ, ನೀರಿನ ಪ್ರಯೋಗಗಳುಳ್ಳ ಒಂದು ಕೈಪಿಡಿಯನ್ನು ಕನ್ನಡದಲ್ಲಿ ಬರೆಯಿರಿ. ಪುಟ ಕಡಿಮೆ ಇರಲಿ, ಪ್ರತಿ ಪ್ರಯೋಗವನ್ನೂ ನೀವೇ ಮಾಡಿ ನೋಡಿರಬೇಕು. ಥರ್ಮಾಮೀಟರು, ತಕ್ಕಡಿ, ಭೂತಗನ್ನಡಿ, ಕಾಂತ, ಅಯೋಡಿನ್ ಇರುವ ಒಂದೊಂದು ಪೆಟ್ಟಿಗೆಯನ್ನು ಒಂದೊಂದು ಶಾಲೆಗೆ ಮುಟ್ಟಿಸಿ. ಮೂರನೆಯದು, ನೀವೇ ಹೋಗಿ. ಈ ದತ್ತಿಯ ಮುಂದಿನ ವರ್ಷದ ಉಪನ್ಯಾಸವನ್ನು ಅಕ್ಕಲಕೋಟದ ಇಲ್ಲವೇ ಜತ್ತದ ಒಂದು ಕನ್ನಡ ಶಾಲೆಯಲ್ಲಿ, ಏಳನೇ ತರಗತಿಯ ಮಕ್ಕಳ ಎದುರಿಗೆ ಇಟ್ಟುಕೊಳ್ಳಬೇಕೆಂದು ದತ್ತಿಯ ಸಮಿತಿಯನ್ನು ಈ ವೇದಿಕೆಯಿಂದಲೇ ಕೇಳಿಕೊಳ್ಳುತ್ತೇನೆ. ಮಹಾರಾಷ್ಟ್ರದ ಶಾಲೆಗಳು ಜೂನ್ ನಡುವಿಗೆ ತೆರೆಯುತ್ತವೆ. ಶಿಕ್ಷಕರು ವರ್ಷದ ಯೋಜನೆ ಹಾಕುವುದು ಆಗಲೇ. ಕೈಪಿಡಿ ಅಷ್ಟರೊಳಗೆ ಅವರ ಕೈ ಸೇರಬೇಕು.